ಹೊಸ ಕಪಾಟಿಗೆ ಹಳೆಯ ಕೈ

ಮೋಂಬತ್ತಿಯ ತುಂಡು ಬೆರಳಿನ ಬಿಸಿಗೆ ಮೆತ್ತಗಾಗುತ್ತ ಬಂದಿತ್ತು; ಅದನ್ನು ಮೊದಲು ಎಲ್ಲಿ ತಿಕ್ಕಬೇಕೆಂಬುದು ಮಾತ್ರ ಅವನಿಗೆ ಹೊಳೆದಿರಲಿಲ್ಲ. ಹಜಾರದ ನಡುವೆ ಹಳೆಯ ಪತ್ರಿಕೆಗಳನ್ನು ಹಾಸಿ ನಿಲ್ಲಿಸಿದ್ದ ಬಚ್ಚಲುಮನೆಯ ಬೇಸಿನ್ ಕಪಾಟು, ಎರಡು ಬಾಗಿಲು, ಮೇಲೊಂದು ಡ್ರಾಯರು, ಮೈತುಂಬ ಕಡುಕಂದು ಬಣ್ಣ ಬಳಿಸಿಕೊಂಡು ಇವನನ್ನೇ ನೋಡುತ್ತಿದ್ದ ಹಾಗಿತ್ತು. ಬಣ್ಣದಂಗಡಿಯವನು ಹೇಳಿಕೊಟ್ಟ ಕ್ರಮದಲ್ಲಿ ಕಷ್ಟವೇನೂ ಇರಲಿಲ್ಲ. ಮೊದಲು ಕಂದು ಬಳಿದು ಒಣಗಿಸುವುದು. ಎಲ್ಲೆಲ್ಲಿ ಸವೆದ ಹಾಗೆ ಕಾಣಬೇಕೋ ಅಲ್ಲಲ್ಲಿ ಮೇಣ ತಿಕ್ಕುವುದು. ಅದರ ಮೇಲೆ ತಿಳಿನೀಲಿ ಹೊಡೆದು, ಒಣಗಿದ ಮೇಲೆ ಉಪ್ಪುಕಾಗದದಿಂದ ಉಜ್ಜುವುದು. ಮೇಣ ಇದ್ದಲ್ಲಿ ನೀಲಿ ಸಲೀಸಾಗಿ ಎದ್ದುಬಂದು ಕೆಳಗಿನ ಕಂದು ಇಣುಕುತ್ತದೆ, ನೋಡಿದವರಿಗೆ ತಲೆಮಾರುಗಳಿಂದ ಬಳಸಿದ ಕಪಾಟು ಅನ್ನಿಸುತ್ತದೆ. ಸರಿ, ಎಲ್ಲೆಲ್ಲಿ ತಿಕ್ಕಬೇಕು ಎಂದು ಇವನು ಕೇಳಿದ್ದಕ್ಕೆ ಅಂಗಡಿಯವನು ಡಬ್ಬದ ಮುಚ್ಚಳವನ್ನು ಗುದ್ದಿ ಮುಚ್ಚುತ್ತ, "ಅದಕ್ಕೇನ್ ಲೆಕ್ಕ ಸಾರ್, ಮನಸ್ಸಿಗೆ ಬಂದ ಕಡೆ ತಿಕ್ಕಿ. ಹಳೇದಾಗೋಕೂ ಒಂದು ಕಾರಣ ಬೇಕಾ?" ಎಂದುಬಿಟ್ಟಿದ್ದ. ಆ ಮಾತು ಇವನ ಹೊಟ್ಟೆಯಲ್ಲಿ ಇನ್ನೂ ಅರಗಿರಲಿಲ್ಲ.

ಕಾರಣವಿಲ್ಲದೆ ಯಾವುದೂ ಸವೆಯುವುದಿಲ್ಲ, ಸುಡುವುದಿಲ್ಲ, ಒಡೆಯುವುದಿಲ್ಲ ಎಂಬ ಒಂದೇ ನಂಬಿಕೆಯ ಮೇಲೆ ಅವನ ಹೊಟ್ಟೆಪಾಡು ನಿಂತಿತ್ತು. ವಿಮಾ ಕಂಪನಿಯಲ್ಲಿ ಅವನು ನಷ್ಟ ಪರೀಕ್ಷಕ. ಬೆಂಕಿ ಬಿದ್ದ ಗೋದಾಮು, ನೀರು ನುಗ್ಗಿದ ಅಂಗಡಿ, ಕಳ್ಳರು ಮುರಿದರೆಂದು ಯಜಮಾನರು ಹೇಳುವ ಬೀಗ, ಎಲ್ಲದರ ಮುಂದೆಯೂ ಕುಕ್ಕರುಗಾಲಲ್ಲಿ ಕೂತು, ಟಾರ್ಚನ್ನು ಓರೆಯಾಗಿ ಹಿಡಿದು, ಇದು ಆದದ್ದೋ ಮಾಡಿದ್ದೋ ಎಂದು ಹೇಳುವುದು ಅವನ ಕೆಲಸ. ಕಚೇರಿಯವರು ಬೆನ್ನ ಹಿಂದೆ ಅವನನ್ನು ಭೂತಗನ್ನಡಿ ಎನ್ನುತ್ತಿದ್ದರು. ತನಗದು ಗೊತ್ತೇ ಇಲ್ಲವೆಂಬಂತೆ ಮುಖ ಮಾಡಿಕೊಂಡು ಅವನು ಒಳಗೊಳಗೇ ಹಿಗ್ಗುತ್ತಿದ್ದ. ಯಾರದಾದರೂ ನಷ್ಟ ಸುಳ್ಳೆಂದು ಕಂಡರೆ ಕೂಗಾಡುವವನಲ್ಲ. ಕನ್ನಡಕ ತೆಗೆದು ಒರೆಸುತ್ತ, "ತಾಳೆ ಆಗ್ತಿಲ್ಲ" ಎನ್ನುವನು, ಅಷ್ಟೇ. ಒಮ್ಮೆ ಪೀಠೋಪಕರಣದ ಅಂಗಡಿಯೊಂದರಲ್ಲಿ ಬೀರುವಿನ ಮೇಲಿನ ನೀರಿನ ಗೆರೆ ಓರೆಯಾಗಿದ್ದುದನ್ನು ತೋರಿಸಿ, ನಿಂತ ನೀರು ಓರೆಯಾಗಿ ನಿಲ್ಲುವುದಿಲ್ಲ, ತಾಳೆ ಆಗ್ತಿಲ್ಲ ಎಂದಿದ್ದ. ಅಂಗಡಿಯವನು ಕೆಸರುಗಾಲಲ್ಲಿ ನಿಂತು, "ಸ್ವಾಮೀ, ನೀರು ನಿಮ್ಮನ್ನ ಕೇಳ್ಕೊಂಡು ಬರುತ್ತಾ?" ಎಂದು ಕೇಳಿದ. ಹಿಂತಿರುಗುವಾಗ ಬಸ್ಸಿನಲ್ಲಿ, ಬೀರು ತೇಲಿ ವಾಲಿಕೊಂಡಿದ್ದರೆ ಗೆರೆ ಓರೆಯಾಗಿಯೇ ಬೀಳುತ್ತದಲ್ಲವೇ ಎಂದು ಅವನಿಗೆ ಅನ್ನಿಸಿತು. ಅಷ್ಟು ಹೊತ್ತಿಗೆ ಬಸ್ಸು ಊರು ದಾಟಿತ್ತು, ಇಳಿಯಲಿಲ್ಲ. ಆ ಓರೆ ಗೆರೆ ಈಗಲೂ ಕೆಲವು ಸಲ, ಸ್ನಾನ ಮಾಡುವಾಗ, ಬಕೆಟ್ಟಿನ ಅಂಚಿನಲ್ಲಿ ಅವನಿಗೆ ಕಾಣಿಸಿಕೊಳ್ಳುವುದುಂಟು.

ಆದರೆ ಈ ಕಪಾಟಿನ ಸಂಗತಿ ಬೇರೆ. ಷಡ್ಡಕನ ಮನೆಯ ಹೊಸ ಬಚ್ಚಲಿನಲ್ಲಿ ಇಂಥದ್ದೊಂದನ್ನು ನೋಡಿಬಂದ ಹೆಂಡತಿ ದಾರಿಯಲ್ಲಿ, "ಎಷ್ಟು ಚೆನ್ನಾಗಿತ್ತು ಅಲ್ವಾ? ಯಾರೋ ಬಾಳಿ ಬದುಕಿದ ಮನೆ ಥರ ಇತ್ತು" ಎಂದಳು. ಕೈ ತೊಳೆಯುವ ನೆಪದಲ್ಲಿ ಇವನು ಅಲ್ಲಿ ಆಗಲೇ ಪರೀಕ್ಷೆ ಮುಗಿಸಿದ್ದ. "ಶುದ್ಧ ಸುಳ್ಳು ಸವಕಲು ಅದು. ಯಾರ ಕೈಯೂ ತಾಗದ ಮೂಲೇಲಿ ಬಣ್ಣ ಹೋಗಿದೆ, ಹಿಡಿ ಹತ್ರ ಹೊಸದಾಗೇ ಇದೆ. ಬೆಕ್ಕು ಬಂದು ಕಪಾಟು ತೆಗೆಯೋದಾದ್ರೆ ಹಾಗೆ ಸವೀಬಹುದು. ನಾನು ಮಾಡಿದ್ರೆ ನಿಜವಾಗಿ ಸವೆದ ಹಾಗೇ ಮಾಡ್ತೀನಿ" ಎಂದ. ಅವಳು ತಿರುಗಿ ನೋಡಿದಳು. "ನೀವಾ? ನಮ್ಮನೇಲಿ ಸಕ್ಕರೆ ಡಬ್ಬ ಎಲ್ಲಿದೆ ಹೇಳಿ ನೋಡೋಣ. ಊರವರ ಮನೆ ಸುಟ್ಟರೆ ಮಾತ್ರ ನಿಮಗೆ ಕಣ್ಣು ಕಾಣೋದು." ನಗುತ್ತಲೇ ಅಂದಳು. ಇವನೂ ನಕ್ಕ. ಆದರೆ ಮನೆ ಮುಟ್ಟುವವರೆಗೂ ಅವಳು ಆ ಮಾತಿಗೆ ಪೂರ್ತಿ ನಕ್ಕಿರಲಿಲ್ಲವೇನೋ ಎಂಬ ಸಂಶಯ ಕಾಲಿಗೆ ಹತ್ತಿದ ಮುಳ್ಳಿನ ಹಾಗೆ ಜೊತೆಗೇ ಬಂತು. ಅವತ್ತೇ ನಿಶ್ಚಯಿಸಿದ: ಈ ಕಪಾಟು ಮುಗಿದ ದಿನ ಅವಳು ಅದರ ಮುಂದೆ ನಿಂತು, ಹೌದು ರೀ, ಇದು ನನ್ನದೇ, ನಾನೇ ಬಳಸಿ ಸವೆಸಿದ್ದು ಎನ್ನಬೇಕು. ಮೇಜಿನ ಕಾಲು ನೋಡಿ ಮನೆಯವರ ಜಾತಕ ಹೇಳುವವನಿಗೆ ತನ್ನ ಹೆಂಡತಿಯ ಬಗ್ಗೆ ಅಷ್ಟು ಹೇಳಲಾಗದಿದ್ದರೆ ಹೇಗೆ?

ವಿಚಿತ್ರವೆಂದರೆ ನಿಜವಾಗಿ ಸವೆದ ಕಪಾಟು ಅವರ ಮನೆಯಲ್ಲೇ ಇತ್ತು. ತೀರಾ ಹಳತಾಗಿ ಕಾಣುತ್ತದೆ, ಮರ್ಯಾದೆ ಹೋಗುತ್ತದೆ ಎಂದು ಅದನ್ನು ಗುಜರಿಯವನಿಗೆ ಕೊಟ್ಟು, ಹೊಸದು ಮಾಡಿಸಿ, ಈಗ ಅದನ್ನು ಹಳತು ಮಾಡಲು ಕೂತಿದ್ದ. ಹಳೆಯ ಕಪಾಟಿನ ಬಣ್ಣ ಎಲ್ಲೆಲ್ಲಿ ಹೋಗಿತ್ತೆಂದು ಕಣ್ಣು ಮುಚ್ಚಿ ನೆನಪಿಸಿಕೊಳ್ಳಲು ಯತ್ನಿಸಿದ. ಮುಚ್ಚಿದ ಕಣ್ಣಿನೊಳಗೆ ಊರವರ ಕಪಾಟುಗಳೆಲ್ಲ ಸಾಲುಗಟ್ಟಿ ಬಂದವು: ದಂತವೈದ್ಯನ ಕರಕಲು ಬೀರು, ಬಟ್ಟೆ ವ್ಯಾಪಾರಿಯ ಗೆದ್ದಲು ಹಿಡಿದ ಪೆಟ್ಟಿಗೆ, ಯಾವುದೋ ವಿಧವೆಯ ಒಡೆದ ಕನ್ನಡಿ. ತನ್ನ ಮನೆಯದು ಮಾತ್ರ ಬರಲಿಲ್ಲ. ದಿನಾ ಬೆಳಿಗ್ಗೆ ಅದರ ಮುಂದೆ ನಿಂತು ಮುಖ ಕ್ಷೌರ ಮಾಡಿಕೊಂಡವನಿಗೆ ಅದರ ಬಣ್ಣ ಹಸಿರೋ ಬೂದಿಯೋ ಎಂಬುದೂ ಖಚಿತವಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಎಂದುಕೊಂಡು, ಆ ಗಾದೆ ತನಗೆ ಇಷ್ಟು ಸರಿಯಾಗಿ ಹೊಂದುವುದು ಕಂಡು ಸಿಟ್ಟಾದ.

"ಮೇಣ ಹಿಡ್ಕೊಂಡು ತಪಸ್ಸಿಗೆ ಕೂತಿದ್ದೀಯೇನೋ?" ಎಂದಳು ಅಮ್ಮ. ಅವಳು ಹಜಾರದ ಕುರ್ಚಿಯಲ್ಲಿ ಬಟಾಣಿ ಬಿಡಿಸುತ್ತ, ಮಗ ಹೊಸದೊಂದು ಸಾಮಾನನ್ನು ಹಾಳು ಮಾಡುವುದನ್ನು ಬೆಳಗಿನಿಂದ ನೋಡುತ್ತಿದ್ದಳು. "ಹಳೇದಾಗ್ಬೇಕು ಅಂತಿದ್ರೆ ಸುಮ್ನೆ ಬಿಟ್ಟಿದ್ರೆ ಆಗೋದು. ನಾನೇನು ಯಾರ ಹತ್ರ ಆದ್ರೂ ಬಣ್ಣ ಹೊಡೆಸ್ಕೊಂಡು ಹಳಬಳಾದ್ನಾ?" ಇವನು ಹೆಂಡತಿಯನ್ನು ಕೂಗಿದ. ಔಷಧಿ ಅಂಗಡಿಯ ಕೆಲಸಕ್ಕೆ ಹೊರಡುವ ಅವಸರದಲ್ಲಿದ್ದ ಅವಳು ತಲೆಗೂದಲಿಗೆ ಕ್ಲಿಪ್ಪು ಸಿಕ್ಕಿಸುತ್ತ ಬಂದಳು. "ಒಂದ್ಸಲ ಈ ಕಪಾಟು ತೆಗಿ ನೋಡೋಣ. ದಿನಾ ತೆಗೆಯೋ ಹಾಗೆ. ಸಹಜವಾಗಿ." ಅವಳು ಇವನನ್ನೊಮ್ಮೆ, ಅತ್ತೆಯನ್ನೊಮ್ಮೆ ನೋಡಿದಳು. "ಇದೇನ್ರೀ ಆಟ?" "ಆಟ ಅಲ್ಲ, ಪುರಾವೆ." ಟಾರ್ಚು ಹಿಡಿದು ಕುಕ್ಕರುಗಾಲಲ್ಲಿ ಕೂತ ಗಂಡನ ಮುಂದೆ, ಬಟಾಣಿ ಬಿಡಿಸುವುದನ್ನು ನಿಲ್ಲಿಸಿದ ಅತ್ತೆಯ ಮುಂದೆ ಅವಳು ಬಲಗೈ ಚಾಚಿ, ಬಲಬದಿಯ ಬಾಗಿಲಿನ ಹಿಡಿಯನ್ನು ಎರಡು ಬೆರಳಲ್ಲಿ ಹಿಡಿದು ತೆಗೆದು, ಮುಚ್ಚಿದಳು. "ಸಾಕಾ?" "ಸಾಕು ಸಾಕು." ಅಮ್ಮ ಏನೋ ಹೇಳಲು ಬಾಯಿ ತೆರೆದವಳು ಒಂದು ಬಟಾಣಿ ಕಾಳನ್ನು ಬಾಯಿಗೆ ಹಾಕಿಕೊಂಡಳು. ಇವನಿಗೆ ಅದೆಲ್ಲ ಕಾಣುವ ಸ್ಥಿತಿಯಿರಲಿಲ್ಲ. ಕಣ್ಣಾರೆ ಕಂಡ ಸಾಕ್ಷಿ ಸಿಕ್ಕಿತ್ತು.

ಆಮೇಲೆ ಅವನ ಕೈ ನಿಲ್ಲಲಿಲ್ಲ. ಬಲಬಾಗಿಲಿನ ಹಿಡಿಯ ಸುತ್ತ ಮೇಣ ತಿಕ್ಕಿದ, ಹೆಬ್ಬೆರಳು ತಾಗುವಲ್ಲಿ ದಟ್ಟವಾಗಿ, ಉಗುರು ತಾಗುವಲ್ಲಿ ತೆಳ್ಳಗೆ. ಒದ್ದೆ ಕೈಯಿಂದ ನೀರು ಇಳಿಯುವ ದಾರಿಯನ್ನು ಹಿಡಿಯಿಂದ ಕೆಳಗಿನ ಅಂಚಿನವರೆಗೆ ಗೆರೆಯಾಗಿ ಎಳೆದ. ಡ್ರಾಯರನ್ನು ಸೊಂಟದಿಂದ ತಳ್ಳಿ ಮುಚ್ಚುವವರಿರುತ್ತಾರೆ. ಹಾಗೆ ತಳ್ಳಿದರೆ ಎಲ್ಲಿ ತಾಗೀತೆಂದು ತಾನೇ ಎದ್ದು ಸೊಂಟ ತಾಗಿಸಿ ನೋಡಿದ. ಬಾಗಿಲ ಸಂದಿಯಿಂದ ಪಕ್ಕದ ಮನೆಯಾತ ಅದೇ ಹೊತ್ತಿಗೆ ನೋಡಿ, ನೋಡಿಲ್ಲವೆಂಬಂತೆ ಮುಖ ತಿರುಗಿಸಿದ. ನೀಲಿ ಬಳಿದು, ಒಣಗಿಸಿ, ಉಪ್ಪುಕಾಗದ ಹಿಡಿದು ಉಜ್ಜತೊಡಗಿದಾಗ ಅವನಿಗೆ ವಿಮಾ ಕಂಪನಿಯಲ್ಲಿ ಒಮ್ಮೆಯೂ ಸಿಗದಿದ್ದ ಸುಖ ಸಿಕ್ಕಿತು. ಬೇರೆಯವರು ಮಾಡಿದ ಸುಳ್ಳನ್ನು ಬಿಚ್ಚುವುದು ಒಂದು. ತಾನೇ ಒಂದು ಸತ್ಯವನ್ನು ಕಟ್ಟುವುದು ಇನ್ನೊಂದು. ಉಜ್ಜಿದಷ್ಟೂ ಕಂದು ಇಣುಕುತ್ತ ಒಬ್ಬ ಹೆಂಗಸಿನ ಕೈ ಮೂಡುತ್ತಿತ್ತು. ಬೆಳಿಗ್ಗೆ ಬಂದು, ನಿದ್ದೆಗಣ್ಣಲ್ಲಿ ಬಲಗೈ ಚಾಚಿ, ಸೋಪು ತೆಗೆದು, ಸೊಂಟದಿಂದ ಡ್ರಾಯರು ತಳ್ಳಿ ಹೋಗುವ ಹೆಂಗಸು. ಅವಳ ಮೇಲೆ ಅವನಿಗೆ ಅಪಾರ ಪ್ರೀತಿ ಹುಟ್ಟಿತು. ಇಷ್ಟು ವರ್ಷ ಇದನ್ನೆಲ್ಲ ನೋಡದೆ ಹೋದೆನಲ್ಲ ಎಂದು ಕಣ್ಣೂ ಒಂದಿಷ್ಟು ಒದ್ದೆಯಾಯಿತು. ಅದು ಬಣ್ಣದ ಪುಡಿಯಿಂದಲೂ ಇರಬಹುದು. ಕೊನೆಗೆ ನೀರು ಹಿಡಿಯದ ಹಾಗೆ ವಾರ್ನಿಶ್ ಬಳಿದು, ನಲ್ಲಿ ಕೆಲಸದವನನ್ನು ಕರೆಸಿ, ಕಪಾಟನ್ನು ಬೇಸಿನ್ ಕೆಳಗೆ ಕೂರಿಸಿದ.

ಭಾನುವಾರ ಷಡ್ಡಕ ಮತ್ತು ಹೆಂಡತಿಯ ಅಕ್ಕ ಊಟಕ್ಕೆ ಬಂದರು. ಕರೆದದ್ದು ಇವನೇ. ಊಟಕ್ಕೆ ಮೊದಲು ಕೈ ತೊಳೆಯಲು ಹೋದ ಷಡ್ಡಕ ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದವನು, "ಏನಯ್ಯಾ, ಎಲ್ಲಿ ಹಿಡಿದೆ ಇದನ್ನ? ನಮ್ಮನೇಲಿರೋದು ಇದರ ಮುಂದೆ ಡೂಪ್ಲಿಕೇಟು. ಇದು ಹಳೇ ಮನೆ ಮಾಲು, ನೋಡಿದ್ರೇ ಗೊತ್ತಾಗುತ್ತೆ" ಎಂದ. ಇವನ ಎದೆ ಒಂದು ಗೇಣು ಅಗಲವಾಯಿತು. "ನಾನೇ ಮಾಡಿದ್ದು ಭಾವ" ಎಂದು ನೆಲ ನೋಡುತ್ತ ಹೇಳಿದ್ದಕ್ಕೆ ಷಡ್ಡಕ ನಂಬದೆ ಮತ್ತೊಮ್ಮೆ ಒಳಗೆ ಹೋಗಿ ಉಗುರಲ್ಲಿ ಗೀರಿ ಬಂದ. ಅಕ್ಕ ಕೂಡ ಹೋಗಿ ನೋಡಿ, ಟವೆಲಿಗೆ ಕೈ ಒರೆಸುತ್ತ ಬಂದಳು. ಇವನ ಕಡೆಗಲ್ಲ, ತಂಗಿಯ ಕಡೆ ನೋಡಿ, "ಚೆನ್ನಾಗಿದೆ ಕಣೇ. ಯಾರದೋ ಮನೇದು ಅನ್ಸುತ್ತೆ" ಎಂದಳು. ಅಕ್ಕತಂಗಿಯರು ಇಬ್ಬರೂ ಒಂದೇ ಸಲಕ್ಕೆ ತಟ್ಟೆಯ ಮೇಲೆ ಬಾಗಿದರು. ಅಮ್ಮನಿಗೆ ಕೆಮ್ಮು ಬಂತು. ಇವನು ಅದನ್ನೂ ಮೆಚ್ಚುಗೆಯ ಲೆಕ್ಕಕ್ಕೇ ಜಮೆ ಮಾಡಿಕೊಂಡು ಇನ್ನೊಂದು ಸಲ ಅನ್ನ ಬಡಿಸಿಕೊಂಡ. ಊಟದುದ್ದಕ್ಕೂ ಮೇಣದ ವಿಷಯ, ಓರೆ ಬೆಳಕಿನ ವಿಷಯ, ಬೆರಳಿನ ಎಣ್ಣೆ ಮರಕ್ಕೆ ಇಳಿಯುವ ವಿಷಯ ಹೇಳಿದ. ಷಡ್ಡಕ ಆಕಳಿಸುವವರೆಗೂ ಹೇಳಿದ. ಹೆಂಡತಿ ಮಾತ್ರ ಒಂದು ಮಾತೂ ಆಡಲಿಲ್ಲ, ಮತ್ತು ಅವನು ಕಾದಿದ್ದದ್ದು ಆ ಒಂದು ಮಾತಿಗೆ.

ನೆಂಟರು ಹೋದ ಮೇಲೆ ಅವಳು ಬಚ್ಚಲುಮನೆಯಲ್ಲಿ ಕಪಾಟಿನ ಮುಂದೆ ನಿಂತಿದ್ದಳು. ಇವನು ಬಾಗಿಲಲ್ಲಿ ನಿಂತ. ಪರೀಕ್ಷೆಯ ಫಲಿತಾಂಶ ಕೇಳಲು ಬಂದ ಹುಡುಗನ ಹಾಗೆ ಕಾದ. ಅವಳು ಬಲಬಾಗಿಲಿನ ಸವಕಲಿನ ಮೇಲೆ ಬೆರಳಾಡಿಸಿದಳು, ನೀರಿಳಿದ ಗೆರೆಯನ್ನು ಅಂಚಿನವರೆಗೆ ಹಿಂಬಾಲಿಸಿದಳು, ಸೊಂಟ ತಾಗುವ ಜಾಗದ ಹತ್ತಿರ ಒಂದು ಗಳಿಗೆ ನಿಂತಳು.

"ತುಂಬ ಚೆನ್ನಾಗಿ ಮಾಡಿದ್ದೀರಿ" ಎಂದಳು. "ಯಾರ್ರೀ ಇವಳು?"

"ಯಾರು?"

"ಇದನ್ನ ಬಳಸಿದವಳು. ನಾನಂತೂ ಅಲ್ಲ."

ಅವನು ನಕ್ಕ. ಅವಳು ನಗಲಿಲ್ಲ. ಆಗ ಅವನ ಕೈ ತಾನಾಗಿ ಕನ್ನಡಕಕ್ಕೆ ಹೋಯಿತು. "ಯಾಕೆ, ಏನಾಗಿದೆ?"

"ತಾಳೆ ಆಗ್ತಿಲ್ಲ ರೀ" ಎಂದಳು ಅವಳು, ಬಹಳ ಮೃದುವಾಗಿ. "ನಾನು ಎಡಗೈಯವಳು."

ಯಾರೋ ಕಪಾಳಕ್ಕೆ ಹೊಡೆದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಹೊಡೆತವಾದರೆ ಯಾವ ಕೆನ್ನೆಗೆ ಬಿತ್ತೆಂದಾದರೂ ಗೊತ್ತಿರುತ್ತದೆ. ಇಲ್ಲ, ಸುಳ್ಳು, ಬರೆಯುವುದು ಬಲಗೈಯಲ್ಲಿ, ಊಟ ಬಲಗೈಯಲ್ಲಿ, ಅವಳು ಬರೆದದ್ದನ್ನು ತಾನು ನೋಡಿಲ್ಲವೇ? ಅವನು ಅದನ್ನೇ ಹೇಳಿದ. "ಬರೆಯೋದು ಸ್ಕೂಲಲ್ಲಿ ಹೊಡೆದು ಕಲಿಸಿದ್ದು. ಊಟ ಮನೇಲಿ ಹೊಡೆದು ಕಲಿಸಿದ್ದು" ಎಂದಳು. "ಉಳಿದದ್ದನ್ನ ಯಾರೂ ಕಲಿಸಲಿಲ್ಲ, ಅದು ನನ್ನ ಹತ್ರಾನೇ ಉಳೀತು." ಹಜಾರದಿಂದ ಅಮ್ಮನ ದನಿ ತೇಲಿಬಂತು. "ಅವಳು ಎಡಚಿ ಕಣೋ. ಮನೆಗೆ ಬಂದ ವಾರದಲ್ಲೇ ನನಗೆ ಗೊತ್ತಾಯ್ತು. ಎಡಗೈಲಿ ಚಾಕು ಹಿಡೀಬೇಡ ಕಣಮ್ಮ, ನೋಡಿದ್ರೆ ನನ್ನ ಕೈಯೇ ಕುಯ್ದ ಹಾಗಾಗುತ್ತೆ ಅಂದಿದ್ದೆ, ಪಾಪ. ಅವತ್ತಿಂದ ನನ್ನ ಮುಂದೆ ಹಿಡಿದೇ ಇಲ್ಲ." ಮತ್ತೆ, "ನಿನಗೆ ಗೊತ್ತಿಲ್ಲ ಅಂತ ನನಗೇನ್ ಗೊತ್ತು? ಗಂಡ ಅಲ್ವಾ ನೀನು?" ಎಂದಳು. ಹಾಗಾದರೆ ಅಕ್ಕನಿಗೆ ಗೊತ್ತು, ಅಮ್ಮನಿಗೆ ಗೊತ್ತು, ಔಷಧಿ ಅಂಗಡಿಯಲ್ಲಿ ಅವಳ ಕೈಯಿಂದ ಮಾತ್ರೆ ತೆಗೆದುಕೊಂಡ ಊರಿನ ಶೀತ ಕೆಮ್ಮಿನವರಿಗೆಲ್ಲ ಗೊತ್ತು. ಇಂಗು ತಿಂದ ಮಂಗನ ಹಾಗೆ ನಿಂತಿದ್ದವನಿಗೆ ಒಂದೇ ಒಂದು ಹುಲ್ಲುಕಡ್ಡಿ ಸಿಕ್ಕಿತು, ಅದನ್ನೇ ಹಿಡಿದ. "ಅವತ್ತು ಹಜಾರದಲ್ಲಿ ಬಲಗೈಲಿ ತೆಗೆದೆಯಲ್ಲ! ನಾನು ಕಣ್ಣಾರೆ ನೋಡಿದೀನಿ!"

"ನೀವು ನೋಡ್ತಿದ್ರಲ್ಲ" ಎಂದಳು.

ಅದರಲ್ಲಿ ದೂರು ಇರಲಿಲ್ಲ. ಅದನ್ನೇ ಅವನಿಗೆ ತಡೆದುಕೊಳ್ಳಲಾಗಲಿಲ್ಲ. ಇಲ್ಲಿ, ಈ ಚಿಲಕ ಹಾಕಿದ ಬಾಗಿಲಿನ ಹಿಂದೆ, ದಿನಕ್ಕೊಂದಿಷ್ಟು ಹೊತ್ತು, ಅವನು ಎಂದೂ ಕಾಣದ ಹೆಂಗಸೊಬ್ಬಳು ಎಡಗೈಯಲ್ಲಿ ಸೋಪು ತೆಗೆದು, ಎಡಗೈಯಲ್ಲಿ ತಲೆ ಬಾಚಿ, ಹೊರಗೆ ಬರುವಾಗ ಬಲಗೈಯವಳಾಗಿ ಬರುತ್ತಿದ್ದಳು. ಕ್ಷಮಿಸು ಎನ್ನಬೇಕೆನಿಸಿತು. ಅದರ ಬದಲು, "ಸಕ್ಕರೆ ಡಬ್ಬ ಮೇಲಿನ ಶೆಲ್ಫಲ್ಲಿದೆ" ಎಂದುಬಿಟ್ಟ. ಅವಳಿಗೆ ನಗು ತಡೆಯಲಾಗಲಿಲ್ಲ. "ಅಲ್ಲಿರೋದು ಉಪ್ಪು" ಎಂದಳು.

ಕಿಟಕಿಯ ಮೇಲಿದ್ದ ಉಪ್ಪುಕಾಗದದ ತುಂಡನ್ನು ಅವಳು ತೆಗೆದುಕೊಂಡಳು, ಎಡಗೈಯಲ್ಲಿ, ಅವನ ಮುಂದೆಯೇ. ನೆಲದ ಮೇಲೆ ಕೂತು ಎಡಬಾಗಿಲಿನ ಹಿಡಿಯ ಹತ್ತಿರ ಉಜ್ಜತೊಡಗಿದಳು. ಅಲ್ಲಿ ಅವನು ಮೇಣ ಹಚ್ಚಿರಲಿಲ್ಲ. ನೀಲಿ ಕೆಳಗಿನ ಕಂದಿಗೆ ಕಚ್ಚಿಕೊಂಡಿತ್ತು, ಮೇಲೆ ವಾರ್ನಿಶ್ ಬೇರೆ, ಬಿಡಲೊಲ್ಲದು. "ಅಲ್ಲಿ ಬರಲ್ಲ" ಎಂದ, ತಪ್ಪಿತಸ್ಥನ ದನಿಯಲ್ಲಿ. "ಬರುತ್ತೆ ಬಿಡಿ, ಏನವಸರ?" ಎಂದಳು. ಆ ಕೈ ಎಷ್ಟು ಸಲೀಸಾಗಿ ಓಡುತ್ತಿತ್ತೆಂದರೆ ಇಷ್ಟು ವರ್ಷ ತಾನು ನೋಡಿದ ಅವಳ ಕೆಲಸವೆಲ್ಲ ಯಾರೋ ಕುಂಟುತ್ತ ನಡೆದ ಹಾಗೆ ಅವನಿಗೆ ತೋರಿತು. ಅವನೂ ಪಕ್ಕದಲ್ಲಿ ಕೂತ. ನೋಡಬಾರದೇನೋ ಎಂದು ಒಮ್ಮೆ ಮುಖ ತಿರುಗಿಸಿದ. ಮತ್ತೆ ನೋಡಿದ. ಬಹಳ ಹೊತ್ತಿನ ಮೇಲೆ ಹಿಡಿಯ ಕೆಳಗೆ ಉಗುರಿನಷ್ಟು ಕಂದು ಕಂಡಿತು.

"ಇದು ನಂದು" ಎಂದಳು. "ನಿಮ್ಮದೆಲ್ಲಿ?"

ಅವನು ಕಪಾಟನ್ನು ಮೇಲಿನಿಂದ ಕೆಳಗೆ ನೋಡಿದ. ತನ್ನದೆಂದು ಒಂದು ಗೀರನ್ನೂ ಹಾಕಿರಲಿಲ್ಲ. ಅದು ನೆನಪಿಗೇ ಬಂದಿರಲಿಲ್ಲ. ತಾನು ಈ ಕಪಾಟಿನ ಯಾವ ಬಾಗಿಲು ತೆಗೆಯುತ್ತೇನೆ? ರೇಜರು ಬೇಸಿನ್ ಮೇಲಿರುತ್ತದೆ, ಸೋಪು ಅಲ್ಲೇ ಇರುತ್ತದೆ, ಟವೆಲು ಮೊಳೆಯಲ್ಲಿರುತ್ತದೆ. ಅವೆಲ್ಲ ತಾವಾಗಿಯೇ ಅಲ್ಲಿ ಇರುವುದಿಲ್ಲವೆಂದು ಈಗ ಹೊಳೆದು, ಹೊಳೆದದ್ದೇ ಬೇಡವಾಗಿತ್ತು ಅನ್ನಿಸಿತು. "ನಂದು ಇಲ್ಲ" ಎಂದ. ದನಿ ತನಗೇ ಅಪರಿಚಿತವಾಗಿ ಕೇಳಿತು.

"ಇಲ್ಲದೆ ಏನು? ಬನ್ನಿ" ಎಂದು ಅವಳು ಎದ್ದು ಅವನ ತೋಳು ಹಿಡಿದು ಹೊರಗೆ ಕರೆತಂದು ಬಚ್ಚಲುಮನೆಯ ಬಾಗಿಲನ್ನು ಎಳೆದುಕೊಂಡಳು. ಬಾಗಿಲಿನ ಹೊರಮೈ ತೋರಿಸಿದಳು. "ಟಾರ್ಚ್ ಹಾಕಿ ನೋಡಿ." ಅವನು ಟಾರ್ಚು ತಂದು ಓರೆಯಾಗಿ ಹಿಡಿದ. ಎದೆಯ ಮಟ್ಟದಲ್ಲಿ ಸಣ್ಣ ತಗ್ಗೊಂದು ನೆರಳು ಬಿಟ್ಟು ಎದ್ದು ಕಂಡಿತು. ಸುತ್ತ ಹೊಳಪು ಹೋಗಿತ್ತು, ಒಳಗೆ ಬಣ್ಣ ಹೋಗಿತ್ತು, ನಟ್ಟ ನಡುವೆ ಪ್ರೈಮರೂ ಹೋಗಿ ಬರಿಯ ಮರ ನುಣ್ಣಗೆ ಕೂತಿತ್ತು. ಯಾವ ಮೇಣವೂ ಇಲ್ಲ, ಯಾವ ಉಪ್ಪುಕಾಗದವೂ ಇಲ್ಲ. ಒಂದೇ ಎತ್ತರ, ಒಂದೇ ಕೈ, ಗೆಣ್ಣುಗಳ ನಾಲ್ಕು ಗುರುತು. ದಿನಾ ಬೆಳಿಗ್ಗೆ, ಕಚೇರಿಗೆ ಹೊತ್ತಾಯಿತೆಂದು, ಒಳಗಿದ್ದವಳು ಬಂದೆ ಬಂದೆ ಎನ್ನುವವರೆಗೂ ಬಡಿದದ್ದು. ಅವನ ವೃತ್ತಿಯಲ್ಲಿ ಇಷ್ಟು ಅಪ್ಪಟವಾದ ಸವಕಲನ್ನು ಅವನು ಕಂಡಿರಲಿಲ್ಲ. ಹುಡುಕಿ ನೋಡಿದರೂ ತಿರಸ್ಕರಿಸಲು ಒಂದು ಕಾರಣ ಸಿಗಲಿಲ್ಲ.

"ನಿಜವಾದದ್ದು ಅಲ್ವಾ?" ಎಂದಳು ಅವಳು.

"ನಿಜವಾದದ್ದು" ಎಂದ.

ಅವಳ ಎರಡೂ ಕೈಗಳಿಗೆ ನೀಲಿ ಪುಡಿ ಮೆತ್ತಿತ್ತು. ತೊಳೆದುಕೊಳ್ಳಲು ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ನಲ್ಲಿ ಬಿಟ್ಟ ಸದ್ದಾಯಿತು. ಅವನಿಗೆ ಈಗಲೇ, ಈ ಕ್ಷಣದಲ್ಲೇ ಅವಳಿಗೊಂದು ಮಾತು ಹೇಳಬೇಕಾಗಿತ್ತು. ನೀನು ಇನ್ನು ಮೇಲೆ ಎಲ್ಲ ಕಡೆ ಎಡಗೈಯಲ್ಲೇ ಇರು ಎಂದೋ, ಎಷ್ಟು ಹೊತ್ತು ಬೇಕಾದರೂ ಒಳಗಿರು ಎಂದೋ. ಕೈ ಎತ್ತಿ ಮುಷ್ಟಿ ಮಾಡಿದ. ಗೆಣ್ಣುಗಳು ಆ ತಗ್ಗಿಗೆ ಅಚ್ಚಿನ ಹಾಗೆ ಹೊಂದುವುದನ್ನು ಒಂದು ಕೂದಲಿನ ಅಂತರದಿಂದ ಕಂಡು, ಹಾಗೆಯೇ ನಿಂತ.

"ಬಂದೆ ರೀ, ಬಂದೆ!" ಎಂದು ಒಳಗಿನಿಂದ ಅವಳು ಗಡಿಬಿಡಿಯಲ್ಲಿ ನಲ್ಲಿ ನಿಲ್ಲಿಸಿದಳು.

ಅವನಿನ್ನೂ ತಟ್ಟಿರಲಿಲ್ಲ.